ಸೂಜಿಯ ಮೇಲೆ ಭಯ, ಸಿರಪ್ಪಿನ ಮೇಲೆ ಭರವಸೆ

ಪುಣೆಯಿಂದ ಸೊಲ್ಲಾಪುರ, ಉಮರ್ಗಾ ದಾಟಿ ಹೈದರಾಬಾದಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65ರ ಆ ಕಡೆಗೂ ಈ ಕಡೆಗೂ ಲಸಿಕೆಯ ಕಾರ್ಖಾನೆಗಳಿವೆ. ಪುಣೆಯಲ್ಲಿ 1966ರಲ್ಲಿ ಶುರುವಾದ ಸೀರಮ್ ಇನ್‌ಸ್ಟಿಟ್ಯೂಟ್. ಹೈದರಾಬಾದಿನಲ್ಲಿ ಬಯಾಲಾಜಿಕಲ್ ಇ, ಭಾರತ್ ಬಯೋಟೆಕ್, 1997ರಲ್ಲಿ ದೇಶದಲ್ಲೇ ತಯಾರಾದ ಹೆಪಟೈಟಿಸ್ ಬಿ ಲಸಿಕೆಯನ್ನು ಅಗ್ಗದ ದರಕ್ಕೆ ತಂದ ಶಾಂತಾ ಬಯೋಟೆಕ್ನಿಕ್ಸ್. ಎಷ್ಟೋ ದೇಶಗಳ ಕೂಸುಗಳ ತೊಡೆಗೆ ಇಳಿಯುವ ಔಷಧ ಈ ಎರಡು ಊರುಗಳಿಂದ ಹೋಗುತ್ತದೆ. ಇವೆರಡರ ನಡುವೆ ಬೀದರ್ ಜಿಲ್ಲೆಯ ಹುಮನಾಬಾದ್ ಇದೆ. ಸಸ್ತಾಪುರ ಬಂಗ್ಲಾದಲ್ಲಿ ಒಳಗೆ ತಿರುಗಿದರೆ ಬಸವಕಲ್ಯಾಣ. ಇಲ್ಲಿನ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬಿನ ಕಟಾವಿಗೆ, ಇಟ್ಟಿಗೆ ಭಟ್ಟಿಗೆ, ಮಹಾನಗರಗಳ ಕಟ್ಟಡ ಕೆಲಸಕ್ಕೆ ಕುಟುಂಬಗಳು ಕೈಗೂಸುಗಳ ಸಮೇತ ಹೊರಡುವುದೂ ಇದೇ ರಸ್ತೆಯಲ್ಲಿ. ದಡಾರ ಊರಿಂದೂರಿಗೆ ಹೋಗುವುದೂ ಹೀಗೆ ಓಡಾಡುವ ಜನರ ಜೊತೆಯಲ್ಲೇ. 2022ರ ಕೊನೆಯಲ್ಲಿ ಮುಂಬಯಿ, ಭಿವಂಡಿ, ಮಾಲೇಗಾಂವ್‌ಗಳಲ್ಲಿ ದಡಾರ ಎದ್ದು ಮಕ್ಕಳು ಸತ್ತಾಗ, ಅಲ್ಲಿ ದುಡಿಯಲು ಹೋದವರಿರುವ ಪ್ರತಿಯೊಂದು ತಾಲ್ಲೂಕಿಗೂ ಅದು ತನ್ನದೇ ಸುದ್ದಿಯಾಗಬೇಕಿತ್ತು.

ಲಸಿಕೆ ಬೇಕೋ ಬೇಡವೋ ಎಂಬ ಚರ್ಚೆ ಈ ಭಾಗದಲ್ಲಿ ಬಹುಮಟ್ಟಿಗೆ ಮುಗಿದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015-16ರಲ್ಲಿ ಶೇ. 62.6 ಇದ್ದರು, ನಾಲ್ಕೇ ವರ್ಷಗಳ ನಂತರದ ಸುತ್ತಿನಲ್ಲಿ ಶೇ. 84.1ಕ್ಕೆ ಏರಿದರು. ಈಗ ಉಳಿದಿರುವುದು ವಿರೋಧಕ್ಕಿಂತ ಅಂಜಿಕೆ. ‘ಸೂಜಿ ಹಾಕಿಸಿದ್ರ ಎರಡು ದಿನ ಜ್ವರ ಬರ್ತದ, ಕೂಲಿ ಬಿಟ್ಟು ಮನ್ಯಾಗ ಕೂಡಬೇಕಾಗ್ತದ’ ಎನ್ನುವ ತಾಯಿ ಲಸಿಕೆಯ ಶತ್ರುವಲ್ಲ. ಆಕೆಯ ಲೆಕ್ಕದಲ್ಲಿ ಜ್ವರಕ್ಕೂ ಕೂಲಿಗೂ ಬೆಲೆ ಇದೆ. ಆದರೆ ಅದೇ ಮನೆಯಲ್ಲಿ ಕೆಮ್ಮಿಗೆಂದು ಅಂಗಡಿಯಿಂದ ತಂದ ಸಿರಪ್ಪನ್ನು ಅಳತೆ ನೋಡದೆ, ಹೆಸರು ಓದದೆ, ಹೋದ ವರ್ಷದ ಬಾಟಲಿಯೇ ಆದರೂ ಸರಿ, ಚಮಚಕ್ಕೆ ಸುರಿದು ಕುಡಿಸುತ್ತಾರೆ. ಅಂಜಿಕೆ ಇರಬೇಕಾದ ಕಡೆ ಇಲ್ಲ, ಇರಬೇಕಿಲ್ಲದ ಕಡೆ ಇದೆ. ನನ್ನನ್ನು ಕಾಡುವುದು ಇದು.

ಯಾಕೆ ಹಾಗೆನ್ನುತ್ತೇನೆ? ಲಸಿಕೆಯ ಪ್ರತಿಯೊಂದು ಬ್ಯಾಚು ಹಿಮಾಚಲ ಪ್ರದೇಶದ ಕಸೌಲಿಯಲ್ಲಿರುವ ಕೇಂದ್ರ ಔಷಧ ಪ್ರಯೋಗಾಲಯದ ಒಪ್ಪಿಗೆ ಪಡೆದ ಮೇಲೆಯೇ ಮಕ್ಕಳತ್ತ ಹೊರಡಬೇಕು. ಸಿರಪ್ಪಿಗೆ ಅಂಥ ಕಟ್ಟುನಿಟ್ಟಿಲ್ಲ. ಕಂಪನಿ ತಾನೇ ಪರೀಕ್ಷಿಸಿಕೊಂಡು ಮಾರುತ್ತದೆ, ಔಷಧ ಇನ್‌ಸ್ಪೆಕ್ಟರರು ಆಗಾಗ ಅಲ್ಲೊಂದು ಇಲ್ಲೊಂದು ಮಾದರಿ ಎತ್ತುತ್ತಾರೆ. ಈ ವ್ಯತ್ಯಾಸದ ಬೆಲೆ ಏನೆಂಬುದು 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಂಡಿತು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಕಂಪನಿ ತಯಾರಿಸಿದ ‘ಕೋಲ್ಡ್ರಿಫ್’ ಎಂಬ ಕೆಮ್ಮು-ನೆಗಡಿಯ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಅವರಲ್ಲಿ ಹೆಚ್ಚಿನವರು 5 ವರ್ಷದೊಳಗಿನವರು. ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿದಾಗ ಆ ಬ್ಯಾಚಿನಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ಶೇ. 0.1. ಇದು ವಾಹನಗಳ ಬ್ರೇಕ್ ದ್ರವಕ್ಕೆ, ಬಣ್ಣಕ್ಕೆ ಬಳಸುವ ಸಿಹಿರುಚಿಯ ವಿಷ. ಔಷಧಕ್ಕೆ ಯೋಗ್ಯವಾದ ಶುದ್ಧ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಬದಲು ಅಗ್ಗದ ಕೈಗಾರಿಕಾ ಮಾಲು ಬಂದಾಗ ಅದರೊಂದಿಗೆ ಇದು ಒಳಸೇರುತ್ತದೆ.

ಹೊಸ ಅಪರಾಧವಲ್ಲ ಇದು. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದ ಮೇಲೆ ಅಲ್ಲಿನ ಔಷಧ ಕಾನೂನೇ ಬದಲಾಯಿತು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ಜನ ಸತ್ತರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 2022ರಲ್ಲಿ ಗ್ಯಾಂಬಿಯಾ, ಉಜ್ಬೇಕಿಸ್ತಾನಗಳಲ್ಲಿ ಸತ್ತ ಮಕ್ಕಳ ಹೊಟ್ಟೆಗೆ ಹೋದದ್ದೂ ಭಾರತದಲ್ಲಿ ತಯಾರಾದ ಸಿರಪ್. ಇಷ್ಟೆಲ್ಲ ಆದ ಮೇಲೂ ಛಿಂದ್ವಾಡಾ ಆಯಿತು ಎಂದರೆ ಆ ತಪ್ಪನ್ನು ಹಳ್ಳಿಯ ತಾಯಿಯ ಅಜ್ಞಾನದ ಮೇಲೆ ಹೊರಿಸುವ ಹಾಗಿಲ್ಲ. ಕೊಟ್ಟ ಔಷಧದೊಳಗೆ ವಿಷವಿದೆಯೇ ಎಂದು ಯಾವ ತಾಯಿಯೂ ಮನೆಯಲ್ಲಿ ಪರೀಕ್ಷಿಸಲಾರಳು. ಅದು ಸರ್ಕಾರದ ಕೆಲಸ, ಕಂಪನಿಯ ಕೆಲಸ. ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಅದರ ಬಳಕೆ ನಿಲ್ಲಿಸಿತು. ಔಷಧದ ಗುಣಮಟ್ಟ ಎಲ್ಲೋ ದೂರದ ರಾಜ್ಯದ ಮಾತಾಗಿ ಉಳಿದಿಲ್ಲ.

ತಾಯಿಯ ಕೈಯಲ್ಲಿರುವುದು ಬೇರೆ: ಬೇಡದ ಔಷಧವನ್ನು ಬೇಡ ಎನ್ನುವುದು. ಸಣ್ಣ ಮಕ್ಕಳ ಕೆಮ್ಮು ಬಹುಪಾಲು ವೈರಸ್‌ನಿಂದ ಬರುತ್ತದೆ, ತಾನಾಗಿ ಹೋಗುತ್ತದೆ. ಸಿರಪ್ ಅದನ್ನು ಬೇಗ ವಾಸಿ ಮಾಡುವುದಿಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲ್‌ಎಫ್ರಿನ್ ಸೇರಿದ ಮಿಶ್ರಣವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಅಚ್ಚು ಹಾಕಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಬರೆಯಲೇಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದಿತು. ಬೆಚ್ಚಗಿನ ನೀರು, ಎದೆಹಾಲು, ವರ್ಷ ದಾಟಿದ ಮಗುವಿಗೆ ಚೂರು ಜೇನುತುಪ್ಪ ಸಾಕು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು. ಉಸಿರು ಜೋರಾಗಿ ಎಳೆಯುತ್ತಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ, ಹಾಲು ಬಿಟ್ಟರೆ ಆಸ್ಪತ್ರೆಗೇ ಹೋಗಬೇಕು. ಯಾವುದೇ ಸಿರಪ್ ಕುಡಿಸಿದ ಮೇಲೆ ಮಗು ವಾಂತಿ ಮಾಡುತ್ತ, ಮೂತ್ರ ಕಡಿಮೆಯಾದರೆ ಆ ಬಾಟಲಿಯನ್ನು ಚೆಲ್ಲದೆ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಬ್ಯಾಚ್ ಸಂಖ್ಯೆ ಅದರ ಮೇಲಿರುತ್ತದೆ. ಔಷಧದ ಅಡ್ಡಪರಿಣಾಮ ತಿಳಿಸಲು 1800-180-3024 ಎಂಬ ಉಚಿತ ಸಂಖ್ಯೆ ಇದೆ, ವೈದ್ಯರೇ ಮಾಡಬೇಕೆಂದಿಲ್ಲ, ಯಾರು ಬೇಕಾದರೂ ಕರೆ ಮಾಡಬಹುದು.

ಒಳ್ಳೆಯ ಔಷಧವೂ ಅಳತೆ ತಪ್ಪಿದರೆ ಕೆಡುಕು ಮಾಡುತ್ತದೆ. ಜ್ವರಕ್ಕೆ ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 8 ಕಿಲೋ ತೂಗುವ ಕೂಸಿಗೆ 100 ಮಿಲಿಗ್ರಾಂ ಸರಿಹೋಗುತ್ತದೆ. ಅದೇ 100 ಮಿಲಿಗ್ರಾಂ ಒಂದು ಬಾಟಲಿಯಲ್ಲಿ 4 ಮಿಲಿಲೀಟರ್, ಇನ್ನೊಂದರಲ್ಲಿ 2, ಹನಿ ಹಾಕುವ ಸಣ್ಣ ಶೀಶೆಯಲ್ಲಿ 1. ಯಾಕೆಂದರೆ ಒಂದರ ಮೇಲೆ 5 ಮಿಲಿಲೀಟರಿಗೆ 125 ಎಂದಿರುತ್ತದೆ, ಇನ್ನೊಂದರ ಮೇಲೆ 250, ಹನಿಯ ಶೀಶೆಯ ಮೇಲೆ ಒಂದೇ ಮಿಲಿಲೀಟರಿಗೆ 100. ‘ಒಂದು ಚಮಚ ಹಾಕ್ರಿ’ ಎಂದು ಯಾರೋ ಹೇಳಿದ್ದನ್ನು ನಂಬಿ ಹನಿಯ ಔಷಧವನ್ನು ಚಮಚ ತುಂಬ ಕುಡಿಸಿದರೆ ಒಂದೇ ಗುಟುಕಿಗೆ 500 ಮಿಲಿಗ್ರಾಂ ಹೋಯಿತು. ಆ ಕೂಸಿಗೆ ಇಡೀ ದಿನದ ಗರಿಷ್ಠ ಮಿತಿಗಿಂತ ಅದು ಹೆಚ್ಚು. ಹಾಗೆ ಮುಂದುವರಿದರೆ ಯಕೃತ್ತಿಗೇ ಪೆಟ್ಟು. ಎರಡು ಸಲದ ನಡುವೆ 6 ತಾಸು ಬಿಡಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಇಲ್ಲಿ ಒಂದು ತೊಡಕಿದೆ. ಬಸವಕಲ್ಯಾಣದ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಓದುವ ಮನೆಗಳಿವೆ, ಹುಮನಾಬಾದ್ ಚಿಟಗುಪ್ಪದ ಕಡೆ ತೆಲುಗೂ ಸೇರುತ್ತದೆ, ತಾಂಡಾದಲ್ಲಿ ಲಂಬಾಣಿ. ಬಾಟಲಿಯ ಮೇಲಿನ ಸಣ್ಣ ಅಕ್ಷರ ಇವರ್‍ಯಾರ ಭಾಷೆಯಲ್ಲೂ ಇರುವುದಿಲ್ಲ. ಅಂಕಿಯನ್ನಾದರೂ ಎಲ್ಲರೂ ಗುರುತಿಸುತ್ತಾರೆ. ಮಗುವಿನ ತೂಕವನ್ನೂ ಮಿಲಿಲೀಟರಿನ ಅಂಕಿಯನ್ನೂ ಔಷಧ ಅಂಗಡಿಯವರು ಬಾಟಲಿಯ ಮೇಲೆ ಪೆನ್ನಿನಿಂದ ದೊಡ್ಡದಾಗಿ ಬರೆದುಕೊಟ್ಟರೆ, ಗುರುತಿನ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಜೊತೆಗೆ ಕೊಟ್ಟರೆ, ಖರ್ಚಿಲ್ಲದೆ ಒಂದು ದೊಡ್ಡ ಅಪಾಯ ತಪ್ಪುತ್ತದೆ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ 2011ರಿಂದಲೇ ನಿಷೇಧಿಸಲಾಗಿದೆ. ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು 14 ದಿನ ಸತುವಿನ ಮಾತ್ರೆ, ಸಾಮಾನ್ಯವಾಗಿ ಆಂಟಿಬಯಾಟಿಕ್ ಅಲ್ಲ. ಓಆರ್‌ಎಸ್ ಎಂಬ ಹೆಸರಿಟ್ಟು ಮಾರುತ್ತಿದ್ದ ಸಕ್ಕರೆ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜಿನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆ ನಿಲ್ಲಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಪೊಟ್ಟಣವೇ ನಿಜವಾದ ಓಆರ್‌ಎಸ್.

ಈಗ ಸೂಜಿಯ ಮಾತಿಗೆ ಬರೋಣ. ಲಸಿಕೆಯ ಅಂಜಿಕೆಗೆ ಯಾವ ಆಧಾರವೂ ಇಲ್ಲ ಎಂದು ನಾನು ಹೇಳಲಾರೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ಸತ್ತವು. ಲಸಿಕೆಯ ಶೀಶೆಗಳನ್ನು ಶೀತಲ ಸರಪಳಿಯ ಹೊರಗೆ, ನಿಯಮ ಮೀರಿ ಇಟ್ಟುಕೊಂಡದ್ದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂದು, ಇಬ್ಬರು ಸಿಬ್ಬಂದಿಯನ್ನು ಅಮಾನತು ಮಾಡಲಾಯಿತು. ಈ ಸಂಗತಿಯನ್ನು ಮುಚ್ಚಿಟ್ಟು ತಾಯಂದಿರನ್ನು ಒಪ್ಪಿಸಬೇಕು ಎನ್ನುವವರು ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ರಾಮದುರ್ಗದಲ್ಲಿ ಏನು ತಪ್ಪಿತು ಎಂದು ವಿವರಿಸಿದರೆ ಮಾತ್ರ ಉಳಿದ ಕಡೆ ಏನು ಸರಿಯಿದೆ ಎಂಬುದು ನಂಬಿಕೆಗೆ ಬರುತ್ತದೆ.

ದಡಾರ-ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಅದರದೇ ದ್ರಾವಣವನ್ನು ಬೆರೆಸಿ ಕರಗಿಸಬೇಕು. ಅದರಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ರಾಸಾಯನಿಕ ಇರುವುದಿಲ್ಲ. ಹಾಗಾಗಿ ಬೆರೆಸಿದ 4 ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಮರುದಿನಕ್ಕೆ ಇಟ್ಟರೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ, ಬೆಳೆದು, ವಿಷ ಕಾರುವ ಅಪಾಯವಿದೆ. ಅಂಥ ಸೂಜಿ ಬಿದ್ದ ಮಗುವಿಗೆ ಕೆಲವೇ ತಾಸುಗಳಲ್ಲಿ ಸುಡುಜ್ವರ, ವಾಂತಿ, ಭೇದಿ ಕಾಣುತ್ತದೆ. ಕ್ಷಯದ ಲಸಿಕೆ ಬಿಸಿಜಿಗೂ ಇದೇ 4 ತಾಸಿನ ನಿಯಮ. ಗಂಟಲಮಾರಿ, ನಾಯಿಕೆಮ್ಮು ಸೇರಿ ಐದು ರೋಗ ತಡೆಯುವ ಪೆಂಟಾವೇಲೆಂಟ್, ಪೋಲಿಯೊದಂಥ ದ್ರವ ಲಸಿಕೆಗಳ ಕತೆ ಬೇರೆ; ತಂಪು ಕಾಪಾಡಿದರೆ ತೆರೆದ ಶೀಶೆಯನ್ನು 28 ದಿನದವರೆಗೆ ಬಳಸಬಹುದು, ಆದರೆ ಪೆಂಟಾವೇಲೆಂಟ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂಬ ನಿಯಮ ಬೀದರಿನ ಮೇ ತಿಂಗಳ ಬಿಸಿಲಲ್ಲಿ, ಕರೆಂಟು ಹೋಗಿ ಬರುವ ಊರುಗಳಲ್ಲಿ, ಐಸ್‌ಪ್ಯಾಕ್ ತುಂಬಿದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮುಡಬಿ, ಮಂಠಾಳ, ಘಾಟಬೋರಾಳದ ಕಡೆಯ ಹಳ್ಳಿಗಳಿಗೆ ಹೋಗುವ ಆರೋಗ್ಯ ಸಹಾಯಕಿಯ ಮೇಲೆ ಎಷ್ಟು ಭಾರ ಹಾಕುತ್ತದೆಂದು ಯೋಚಿಸಬೇಕು. ಸಾವಿರಾರು ಅಂಥ ಹೆಣ್ಣುಮಕ್ಕಳು ದಿನವೂ ಸರಿಯಾಗಿ ಮಾಡುವ ಕೆಲಸ ಸುದ್ದಿಯಾಗುವುದಿಲ್ಲ.

ಶೀಶೆಯ ಮೇಲೆ ಒಂದು ಗುರುತಿದೆ, ಅದನ್ನು ಓದು ಬರಹ ಬಾರದವರೂ ನೋಡಿ ತಿಳಿಯಬಹುದು. ಬಣ್ಣದ ವೃತ್ತದೊಳಗೆ ಒಂದು ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ವೃತ್ತದಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಬಿಸಿ ತಾಗಿ ಕೆಟ್ಟಿದೆ ಎಂದರ್ಥ. ‘ಬಾಟ್ಲಿ ತೋರಸ್ರಿ ಅಕ್ಕಾ, ಎಷ್ಟಕ್ಕ ಒಡದೀರಿ?’ ಎಂದು ತಾಯಿ ಕೇಳಿದರೆ ಆರೋಗ್ಯ ಸಹಾಯಕಿ ಮುನಿಸಿಕೊಳ್ಳಬಾರದು, ಊರಿನವರು ಅದನ್ನು ಅಧಿಕಪ್ರಸಂಗ ಎನ್ನಬಾರದು. 2021ರ ಜನವರಿ 31ರಂದು ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 12 ಮಕ್ಕಳಿಗೆ ಪೋಲಿಯೊ ಹನಿಯ ಬದಲು ಸ್ಯಾನಿಟೈಸರ್ ಹನಿ ಹಾಕಿಬಿಟ್ಟರು. ಪುಣ್ಯಕ್ಕೆ ಮಕ್ಕಳು ಉಳಿದರು. ಒಬ್ಬರಾದರೂ ಶೀಶೆ ನೋಡಿದ್ದರೆ ಅದು ಆಗುತ್ತಿರಲಿಲ್ಲ.

ಸೂಜಿ ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರಬೇಕು ಎನ್ನುವುದಕ್ಕೂ ಕಾರಣವಿದೆ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರಷ್ಟು ಅಪರೂಪ, ಆದರೆ ಆಗುವುದಿದ್ದರೆ ಸಾಮಾನ್ಯವಾಗಿ ಆ ಹೊತ್ತಿನೊಳಗೆ ಆಗುತ್ತದೆ, ಅಲ್ಲಿ ಅದಕ್ಕೆ ಅಡ್ರಿನಲಿನ್ ಇರುತ್ತದೆ. ಪೆಂಟಾವೇಲೆಂಟ್ ನಂತರ ಬರುವ ಜ್ವರ, ತೊಡೆಯ ಬಾವು, ಅಳು ಒಂದೆರಡು ದಿನದ್ದು. ಅದರಲ್ಲಿರುವ ನಾಯಿಕೆಮ್ಮಿನ ಅಂಶವೇ ಹೆಚ್ಚಾಗಿ ಅದಕ್ಕೆ ಕಾರಣ. ದಡಾರದ ಲಸಿಕೆಯ ಜ್ವರ ಒಂದು ವಾರ ಕಳೆದ ಮೇಲೆ ಕಾಣಿಸಬಹುದು. ಬಿಸಿಜಿ ಹಾಕಿದ ತೋಳಿನಲ್ಲಿ ಕೆಲವು ವಾರಗಳ ನಂತರ ಕುರುವಾಗಿ ಒಣಗುತ್ತದೆ, ಅದಕ್ಕೆ ಮುಲಾಮು ಬೇಕಿಲ್ಲ. ತೊಡೆಗೆ ಬಿಸಿ ಶಾಖ ಕೊಡುವುದು, ಅರಿಸಿನ ಮೆತ್ತುವುದು ಬೇಡ. ಯಾವ ಲಸಿಕೆ, ಏನಾಗಬಹುದು, ಮುಂದಿನದು ಯಾವಾಗ, ಕಾರ್ಡು ಜೋಪಾನ: ಈ ನಾಲ್ಕು ಮಾತು ಹೇಳಿ ಕಳಿಸಬೇಕೆಂಬುದು ಕಾರ್ಯಕ್ರಮದ ನಿಯಮ. ಗದ್ದಲದ ಲಸಿಕಾ ದಿನದಂದು ಎರಡನೆಯದೇ ಬಿಟ್ಟುಹೋಗುತ್ತದೆ. ಬರುತ್ತದೆಂದು ಮೊದಲೇ ಹೇಳಿದ ಜ್ವರ ಯಾರನ್ನೂ ಅಷ್ಟು ಹೆದರಿಸುವುದಿಲ್ಲ. ಹೇಳದೆ ಬಂದ ಜ್ವರ ಮುಂದಿನ ಡೋಸನ್ನು ತಪ್ಪಿಸುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದವರಿಗೆಲ್ಲ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನ ಗಾಳಿಮಾತಿಗೆ ಬಲ ಸಿಕ್ಕಿದ್ದು ಇಂಥ ಮೌನದಿಂದಲೇ ಎಂದು ನನ್ನ ಅನಿಸಿಕೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತು ಈಗ ಪಟ್ಟಣದ ಓದಿದವರ ಮನೆಗಳಲ್ಲೂ ಸುಳಿಯುತ್ತದೆ. ಅದಕ್ಕೆ ಮೂಲವಾದ 1998ರ ಬರಹವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ 2019ರ ಅಧ್ಯಯನಕ್ಕೆ ಅಂಥ ನಂಟೇ ಕಾಣಲಿಲ್ಲ.

ದಡಾರವನ್ನು ತಾಯಿ ಬಂದಳು ಎಂದು ಕಾಣುವ ಮನೆಗಳನ್ನು ಹೀಗಳೆಯುವುದು ನನಗೆ ಹಿಡಿಸದು. ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆ ಬಂದ್, ಹೊರಗಿನವರಿಗೆ ಪ್ರವೇಶವಿಲ್ಲ: ಇದರಲ್ಲಿ ರೋಗಿಯನ್ನು ಬೇರೆ ಇಡುವ ವಿವೇಕ ಇದೆ. ಕೊರತೆ ಇರುವುದು ಇನ್ನೊಂದು ಕಡೆ. ದಡಾರ ಬಂದ ಮಗುವಿಗೆ ಎರಡು ದಿನ ಸಾಲಾಗಿ ವಿಟಮಿನ್ ಎ ಕೊಡಬೇಕು, ಇಲ್ಲದಿದ್ದರೆ ಕಣ್ಣಿಗೂ ಜೀವಕ್ಕೂ ಅಪಾಯ. ಆಸ್ಪತ್ರೆಗೆ ಹೋದರೆ ತಾಯಿ ಮುನಿದಾಳೆಂಬ ಅಂಜಿಕೆ ಅದನ್ನು ತಪ್ಪಿಸುತ್ತದೆ. ಪೂಜೆಯೂ ನಡೆಯಲಿ, ವಿಟಮಿನ್ನೂ ಬೀಳಲಿ ಎಂದು ಆಶಾ ಕಾರ್ಯಕರ್ತೆ ಹೇಳಿದರೆ ಮನೆಯವರು ಕೇಳುತ್ತಾರೆ.

ದಡಾರಕ್ಕಿಂತಲೂ ಮರೆತುಹೋದ ರೋಗ ಗಂಟಲಮಾರಿ (ಡಿಫ್ತೀರಿಯಾ). 2018ರಲ್ಲಿ ಜಗತ್ತಿನಾದ್ಯಂತ ವರದಿಯಾದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಭಾರತದವೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಅದು ಮತ್ತೆ ತಲೆ ಎತ್ತಿದೆ. ಕೂಸಿದ್ದಾಗಿನ ಮೂರು ಪೆಂಟಾವೇಲೆಂಟ್ ಹಾಕಿಸಿ, ಆಯಿತು ಎಂದು ಸುಮ್ಮನಾಗುವುದೇ ಅದು ಮರಳಲು ದಾರಿ. 16ರಿಂದ 24 ತಿಂಗಳೊಳಗೆ ಒಂದು ಡಿಪಿಟಿ, 5-6 ವರ್ಷಕ್ಕೆ ಇನ್ನೊಂದು, 10 ಮತ್ತು 16ಕ್ಕೆ ಟಿಡಿ: ಮಗು ನಡೆಯಲು ಕಲಿತ ಮೇಲಿನ ಈ ಡೋಸುಗಳು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಗಂಟಲಲ್ಲಿ ಬೂದು ಪೊರೆ ಕಟ್ಟಿದ ಮೇಲೆ ಬೇಕಾದ ಪ್ರತಿವಿಷ ಪ್ರತಿ ಊರಿನ ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ.

ಲಸಿಕೆ ಕಾರ್ಡಿನ ತೊಡಕು ಗಡಿಯ ತೊಡಕೂ ಹೌದು. ಮಹಾರಾಷ್ಟ್ರದ ನಿಲಂಗಾದ ಮಗಳು ಬಸವಕಲ್ಯಾಣಕ್ಕೆ ಸೊಸೆಯಾಗಿ ಬರುತ್ತಾಳೆ, ತೆಲಂಗಾಣದ ಜಹೀರಾಬಾದಿನವಳು ಚಿಟಗುಪ್ಪಕ್ಕೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದರೆ ಬಿಸಿಜಿ, ಹುಟ್ಟಿದ 24 ತಾಸಿನೊಳಗಿನ ಹೆಪಟೈಟಿಸ್ ಬಿ, ಮೊದಲ ಪೋಲಿಯೊ ಹನಿ ಅಲ್ಲಿಯ ಆಸ್ಪತ್ರೆಯ ದಾಖಲೆಯಲ್ಲಿ. 6, 10, 14ನೇ ವಾರದವು ಅಲ್ಲೊಂದು ಇಲ್ಲೊಂದು. 9 ತಿಂಗಳ ದಡಾರದ ಹೊತ್ತಿಗೆ ಕುಟುಂಬ ಕಬ್ಬಿನ ಗದ್ದೆಯಲ್ಲಿ. ಮೂರು ರಾಜ್ಯ, ಮೂರು ಭಾಷೆ, ಒಂದೇ ಮಗು. ಯು-ವಿನ್ ಎಂಬ ಕೇಂದ್ರದ ಡಿಜಿಟಲ್ ದಾಖಲೆಯಲ್ಲಿ ಮೊಬೈಲ್ ಸಂಖ್ಯೆಯ ಮೂಲಕ ಯಾವ ರಾಜ್ಯದಲ್ಲಿ ಬೇಕಾದರೂ ಮುಂದಿನ ಡೋಸ್ ಹಾಕಿಸಬಹುದು. ಆದರೆ ಮೊಬೈಲ್ ಗಂಡನ ಜೇಬಿನಲ್ಲಿ, ಸಿಮ್ ವರ್ಷಕ್ಕೊಂದು. ತಾಯಿ ಕಾರ್ಡಿನ ಫೋಟೊ ತೆಗೆದು ತವರಿನ ಒಬ್ಬರಿಗೂ ಕಳಿಸಿಟ್ಟರೆ ಒಳ್ಳೆಯದು.

ಡೋಸ್ ತಪ್ಪಿದವರಿಗೆ ಬೈಗುಳ ಕಾದಿರುತ್ತದೆ ಎಂಬ ಭಯ ಅವರನ್ನು ಇನ್ನಷ್ಟು ದೂರ ಇಡುತ್ತದೆ. ತಪ್ಪಿದ್ದನ್ನು ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ಬಿಸಿಜಿಯನ್ನು ಒಂದು ವರ್ಷದವರೆಗೂ, ದಡಾರ-ರುಬೆಲ್ಲಾವನ್ನು 5 ವರ್ಷದವರೆಗೂ, ಡಿಪಿಟಿಯನ್ನು 7 ವರ್ಷದವರೆಗೂ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಹಾಕುತ್ತಾರೆ. ಕೆಮ್ಮು, ನೆಗಡಿ, ಸಣ್ಣ ಜ್ವರ ಇದ್ದರೂ ಹಾಕಿಸಬಹುದು. ಸಕ್ಕರೆ ಕಾರ್ಖಾನೆಗಳು ಅರೆಯಲು ಶುರುಮಾಡುವ ಮೊದಲು, ಗಂಟುಮೂಟೆ ಕಟ್ಟುವ ಅಕ್ಟೋಬರ್‌ನಲ್ಲಿ ತಾಂಡಾಗಳಲ್ಲಿ ಒಂದು ಸುತ್ತು, ಜನ ಮರಳುವ ಬೇಸಗೆಯಲ್ಲಿ ಇನ್ನೊಂದು ಸುತ್ತು, ಅದೂ ಕೂಲಿ ಮುಗಿದ ಸಂಜೆ ಹೊತ್ತಿನಲ್ಲಿ ಎಂದು ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲ್ಲೂಕುಗಳ ಆರೋಗ್ಯ ಇಲಾಖೆ ದಿನ ಗೊತ್ತುಮಾಡಬೇಕು. ಉಮರ್ಗಾ, ನಿಲಂಗಾ, ಜಹೀರಾಬಾದಿನ ಅಧಿಕಾರಿಗಳೊಂದಿಗೆ ಹೋಗುವ ಬರುವ ಮಕ್ಕಳ ಪಟ್ಟಿ ಹಂಚಿಕೊಳ್ಳಬೇಕು. ಲಸಿಕೆಯ ನಂತರ ಯಾವ ಮಗುವಿಗಾದರೂ ಕೇಡಾದರೆ ತನಿಖೆಯ ಫಲಿತಾಂಶವನ್ನು ಆ ಊರಿನ ಪಂಚಾಯತಿಯಲ್ಲೇ, ಆ ಊರಿನ ಭಾಷೆಯಲ್ಲೇ ಓದಿ ಹೇಳಬೇಕು. ಅಲ್ಲಿಯವರೆಗೆ ಯಾರಿಗಾದರೂ ಸಂಶಯ ಬಂದರೆ ರಾಜ್ಯದ ಆರೋಗ್ಯ ಸಹಾಯವಾಣಿ 104, ತುರ್ತಿಗೆ 108.